ಮರಿ ಜೇಡಗಳ ಊಟ

ಅಪ್ಪಾ,

ನಾನು ಆಸ್ಪತ್ರೆಗೆ ಹೊರಟೆ. ತಮ್ಮನ ಟರಾಂಟುಲಾ ಮರಿಗಳಿಗೆ ಇವತ್ತು ನೀವೇ ತಿನ್ನಿಸಬೇಕು. ಈ ಜೇಡಗಳ ದೆಸೆಯಿಂದಲೇ ನೀವು ಅವನ ಹತ್ತಿರ ಮಾತು ಬಿಟ್ಟಿದ್ದು, ಗೊತ್ತು. ಆದರೂ ನೋಡಿ, ಒಂದೊಂದೂ ಎಳ್ಳುಕಾಳಿನಷ್ಟಿದೆ.

ಜಿರಲೆಯನ್ನು ಜೀವಂತ ಬಿಟ್ಟರೆ ಮರಿಗಳೇ ಹೆದರಿ ಅಡಗುತ್ತವೆ. ಕೊಂದು, ಕಾಲು ಮುರಿದು, ಡಬ್ಬಿಗೊಂದು ತುಂಡು ಚಿಮಟದಲ್ಲಿ ಇಡಿ. ಯಾವುದಾದರೂ ಮರಿ ಅಲುಗಾಡದೆ ಬಿದ್ದಿದ್ದರೆ ಸತ್ತಿದೆ ಅಂತ ಎಸೆಯಬೇಡಿ, ಪೊರೆ ಬಿಡುತ್ತಿರಬಹುದು.

ನಿನ್ನೆ ಅವನು ಕಣ್ಣು ಬಿಟ್ಟು, "ಮರಿಗಳು ತಿಂದ್ವಾ?" ಅಂದ. ಸ್ವಲ್ಪ ಹೊತ್ತಿನ ಮೇಲೆ, "ಅಪ್ಪನ ಸಿಟ್ಟು ಇಳೀತಾ?" ಅಂದ. ಎರಡಕ್ಕೂ ಹೂಂ ಅಂದೆ. ನನ್ನ ಮುಖ ನೋಡಿ ನಂಬಲಿಲ್ಲ.

ತಿನ್ನಿಸಿದ ಕೂಡಲೇ ಬೀಗ ಹಾಕಿಕೊಂಡು ಬನ್ನಿ. ಸಂಜೆವರೆಗೆ ಕಾಯಬೇಡಿ ಅಂದಿದ್ದಾರೆ ಡಾಕ್ಟರು.