ಬೀರುವಿನ ಮೇಲಿನ ಟೇಪು

ಅಮ್ಮಾ,

ನೀನು ಹೋದಮೇಲೆ ನಮ್ಮ ಬೀದಿಯ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ಜೊತೆ ಮರೆವಿನ ಕಾಯಿಲೆಯನ್ನೂ ಪರೀಕ್ಷಿಸುತ್ತಿದ್ದಾರೆ. ಇವತ್ತು ಅಲ್ಲಿ, ನಿನ್ನಂತೆಯೇ ಟೈಲರ್ ಆಗಿದ್ದ ಅಜ್ಜನೊಬ್ಬ ಎದ್ದು ನರ್ಸಮ್ಮನ ತೋಳನ್ನು ಗೇಣಿನಲ್ಲಿ ಅಳೆಯತೊಡಗಿದ. ಮಗ ನಾಚಿಕೊಂಡು ಅವನ ಕೈ ಎಳೆದ, ಮರೆವು ಬಂದಮೇಲೆ ನೀನು ಕಂಡಕಂಡವರ ಭುಜ ಅಳೆಯುವಾಗ ನಾನು ಎಳೆಯುತ್ತಿದ್ದ ಹಾಗೆ.

"ಬಿಡಿ ಸಾರ್, ಅಳೀಲಿ. ಇದೂ ಬಿಪಿ ಥರಾನೇ ಒಂದು ಕಾಯಿಲೆ, ನಾಚಿಕೆ ಯಾಕೆ?" ಅಂದರು ನರ್ಸಮ್ಮ. "ಅಜ್ಜಾ, ತೋಳು ಸ್ವಲ್ಪ ಸಡಿಲ ಇರ್ಲಿ."

"ಹಂಗಾದ್ರೆ ಬಟ್ಟೆ ಜಾಸ್ತಿ ತಗೊಂಡ್ ಬಾರಮ್ಮ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಮಗನೂ ನಕ್ಕ.

ಮನೆಗೆ ಬಂದವಳೇ, ನಿನ್ನ ಕೈಗೆ ಸಿಗದಂತೆ ಬೀರುವಿನ ಮೇಲಿಟ್ಟಿದ್ದ ಟೇಪನ್ನು ಇಳಿಸಿದೆ. ನನ್ನ ಭುಜ ನಾನೇ ಅಳೆಯಲು ಹೋದೆ, ಒಬ್ಬಳಿಂದ ಆಗುವುದಿಲ್ಲ.

ಆ ಅಜ್ಜ ನಾಳೆಯೂ ಕೇಂದ್ರಕ್ಕೆ ಬರುತ್ತಾನಂತೆ, ಟೇಪನ್ನು ಅವನಿಗೆ ಕೊಡುತ್ತೇನೆ. ಮೊದಲ ಅಳತೆ ನನ್ನದೇ.