ಮದರ್‌ಬೋರ್ಡ್ ಆರಿಸುತ್ತಿರುವ ಮಗನಿಗೆ

ಎಂವಿಪಿ ಕಾಲೋನಿ, ವಿಶಾಖಪಟ್ಟಣ
ಮಂಗಳವಾರ, 22 ಜುಲೈ 2025

ಪ್ರೀತಿಯ ಅನೀ,

ಅಮ್ಮನ ಆಶೀರ್ವಾದ. ಹೇಗಿದ್ದೀಯ? ವಿಜಯವಾಡದ ಸೆಕೆಗೆ ಬೆನ್ನಿನ ಮೇಲೆ ಎದ್ದಿದ್ದ ಬೆವರುಸಾಲೆ ಇಳಿಯಿತೇ? ಆ ಮೆಸ್ಸಿನ ಗೋಂಗೂರ ಪಚ್ಚಡಿಯನ್ನು ದಿನಾ ತಿನ್ನಬೇಡ, ನಿನ್ನ ಹೊಟ್ಟೆ ನನಗೆ ಗೊತ್ತು. ಮಜ್ಜಿಗೆ ಕುಡಿ. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಬರೆಯಲು ಕೈ ಬರುತ್ತಿಲ್ಲ, ಬಿಡುತ್ತೇನೆ. ಫೋನ್ ಇರುವಾಗ ಇವಳಿಗೇಕೆ ಕಾಗದ ಎಂದುಕೊಳ್ಳುತ್ತೀಯ. ಫೋನಿನಲ್ಲಿ ನಾನು ಬಾಯಿ ತೆರೆದರೆ ಸಾಕು, ‘ಅದು ಹಾಗಲ್ಲಮ್ಮಾ, ಕೇಳಿಲ್ಲಿ’ ಎಂದು ಶುರುಮಾಡುತ್ತೀಯ. ನಿನಗೆ ತೆಲುಗು ಓಡುತ್ತದೆ, ಕನ್ನಡ ತೆವಳುತ್ತದೆ. ಈ ಪುಟಗಳನ್ನು ಅಕ್ಷರ ಕೂಡಿಸಿ ಓದುವಷ್ಟು ಹೊತ್ತಾದರೂ ನನ್ನ ಮಾತು ಕೇಳುತ್ತೀಯಲ್ಲ, ಅದಕ್ಕೇ ಈ ಕಾಗದ.

ಮೊದಲು ನೀನು ಕಳಿಸಿದ ಸಾಮಾನಿನ ವಿಷಯ. ನಿನ್ನ ರೂಮಿನ ರಾಮಮೋಹನ್ ಒಂದು ವಾರದ ರಜೆಗೆ ಊರಿಗೆ ಬಂದವನು, ಶನಿವಾರ ಮನೆಗೆ ಬಂದು ಹಳೇ ಟವೆಲಿನಲ್ಲಿ ಸುತ್ತಿದ ಮದರ್‌ಬೋರ್ಡ್ ಒಂದನ್ನು ಕೈಗಿಟ್ಟ. ಯಾವುದೋ ಕಂಪನಿ ಹೊರಗೆ ಹಾಕಿದ ಸರ್ವರಿನದಂತೆ, ಆಟೋನಗರ್ ಹತ್ತಿರದ ಗುಜರಿಯವನೊಬ್ಬನ ಬಳಿ ಸಿಕ್ಕಿತಂತೆ. ‘ಒಂದ್ಸಲ ಬ್ರಶ್ ಹಾಕಿ ಒರೆಸಿಡಮ್ಮಾ, ಹೊಸದರ ಹಾಗೆ ಆಗುತ್ತೆ’ ಎಂದು ನಿನ್ನ ಮೆಸೇಜು ಬೇರೆ. ಊಟದ ಟೇಬಲ್ಲಿನ ಮೇಲೆ ಪೇಪರ್ ಹಾಸಿ ಬಿಚ್ಚಿದೆ. ಥೂ! ಮೆಮೊರಿ ಕೂರಿಸುವ ಸಂದಿಗಳ ತುಂಬ ಜಿರಳೆ ಮೊಟ್ಟೆ. ಫ್ಯಾನಿನ ಕೆಳಗೆ ಇಲಿ ಹಿಕ್ಕೆ. ಒಂದು ಮೂಲೆಯಲ್ಲಿ ಯಾರೋ ಎಲೆಯಡಿಕೆ ಉಗಿದಂಥ ಕಲೆ. ಬ್ರಶ್ ಹಾಕಿದ್ದಕ್ಕೆ ಒಂದು ಹಲ್ಲಿಯ ಬಾಲ ಉದುರಿತು. ಮಿಕ್ಕ ಹಲ್ಲಿ ಎಲ್ಲಿದೆಯೋ ದೇವರೇ ಬಲ್ಲ. ಟೇಬಲ್ಲನ್ನು ಮೂರು ಸಲ ಡೆಟಾಲ್ ಹಾಕಿ ಒರೆಸಿದ್ದೇನೆ, ಆದರೂ ಅಲ್ಲಿ ತಟ್ಟೆ ಇಡಲು ಮನಸ್ಸಾಗುತ್ತಿಲ್ಲ. ಮೂರು ದಿನದಿಂದ ನಾವಿಬ್ಬರೂ ಸೋಫಾ ಮೇಲೆ ಕೂತು ಉಣ್ಣುತ್ತಿದ್ದೇವೆ. ಆ ಹೇಸಿಗೆ ಈಗ ಬಾಲ್ಕನಿಯಲ್ಲಿ ಪೊರಕೆಯ ಪಕ್ಕದಲ್ಲಿದೆ.

ನಾಲ್ಕು ತಿಂಗಳಾಯಿತು ಅನೀ. ಮಾರ್ಚಿನಲ್ಲಿ ನಿಮ್ಮ ಅಪ್ಪನ ಗಂಟಲಿನ ಆಪರೇಶನ್ನಿಗೆ ಹತ್ತು ದಿನ ಇರುವಾಗ ನೀನು ಓಡಿಬಂದೆ. ಬೆಡ್‌ರೂಮಿನ ಕಿಟಕಿಗೆ ಕಂಬಳಿ ಕಟ್ಟಿ, ಫ್ಯಾನ್ ಆರಿಸಿ, ಅವರನ್ನು ಕೂರಿಸಿ ದಿನಾ ಓದಿಸಿ ಧ್ವನಿ ಹಿಡಿದಿಟ್ಟುಕೊಂಡೆ. ಪಂಚಾಂಗ, ಬ್ಯಾಂಕಿನ ಹಳೇ ಸುತ್ತೋಲೆ, ನನ್ನ ಸಾಂಬಾರ್ ಪುಡಿಯ ಚೀಟಿ, ಕೈಗೆ ಸಿಕ್ಕಿದ್ದನ್ನೆಲ್ಲ ಆ ಒಡಕು ಗಂಟಲಿನಲ್ಲೇ ಓದಿದರು. ‘ಧ್ವನಿಪೆಟ್ಟಿಗೆ ತೆಗೆದ್ರೂ ಅಪ್ಪನ ಧ್ವನಿ ಎಲ್ಲೂ ಹೋಗಲ್ಲಮ್ಮಾ, ಮನೇಲೇ ಒಂದು ಕಂಪ್ಯೂಟರ್ ಕೂರಿಸ್ತೀನಿ, ಅವರು ಫೋನಲ್ಲಿ ಟೈಪ್ ಮಾಡಿದ್ರೆ ಅವರ ಧ್ವನೀಲೇ ಮಾತಾಡುತ್ತೆ, ಒಂದು ತಿಂಗಳು ಟೈಮ್ ಕೊಡು’ ಎಂದೆ. ಅಪ್ಪನ ಧ್ವನಿಯನ್ನು ಯಾವುದೋ ಕಂಪನಿಯ ಕೈಗೆ ಕೊಡಬಾರದು, ನಮ್ಮ ಮನೆಯಲ್ಲೇ ಇರಬೇಕು ಎಂದೆ. ಅದು ನನಗೂ ಸರಿ ಎನಿಸಿತು. ಪ್ರೊಸೆಸರ್ ಬಂತು, ಗ್ರಾಫಿಕ್ಸ್ ಕಾರ್ಡ್ ಬಂತು, ಮೆಮೊರಿ ಬಂತು, ಕ್ಯಾಬಿನೆಟ್ ಬಂತು, ಎಲ್ಲ ತಯಾರು ಮಾಡಿಟ್ಟ ಡಿಸ್ಕನ್ನೂ ನೀನೇ ತಂದುಕೊಟ್ಟೆ. ಕಡಲ ಗಾಳಿ ತಾಗದಿರಲೆಂದು ಸಣ್ಣ ಸಾಮಾನನ್ನೆಲ್ಲ ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ ಇಟ್ಟಿದ್ದೇನೆ. ಇವುಗಳನ್ನೆಲ್ಲ ಕೂರಿಸಲು ಬೇಕಾದ ಮದರ್‌ಬೋರ್ಡ್ ಒಂದನ್ನು ಮಾತ್ರ ನೀನು ಇನ್ನೂ ಆರಿಸುತ್ತಿದ್ದೀಯ.

ಒಂದರಲ್ಲಿ ಎರಡನೇ ಗ್ರಾಫಿಕ್ಸ್ ಕಾರ್ಡಿಗೆ ಜಾಗ ಸಾಲದು ಎಂದೆ. ಎರಡನೇ ಕಾರ್ಡ್ ಎಲ್ಲಿದೆಯಪ್ಪಾ ಎಂದರೆ ‘ಮುಂದೆ ತಗೊಂಡ್ರೆ ಬೇಕಾಗುತ್ತಮ್ಮಾ’. ಕೂಸು ಹುಟ್ಟುವ ಮುಂಚೆ ಕುಲಾವಿ! ಇನ್ನೊಂದರಲ್ಲಿ ಇಂಟರ್‌ನೆಟ್ ವೈರಿಗೆ ಒಂದೇ ತೂತು, ನಿನಗೆ ಎರಡು ಬೇಕು. ನಮ್ಮ ಮನೆಗೆ ಬರುವುದೇ ಒಂದು ವೈರು. ಮೂರನೆಯದು ಮನೆಗೇ ಬಂತು. ಅದಕ್ಕೆ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಜಾತಿಯ ಮೆಮೊರಿ ಒಗ್ಗುವುದಿಲ್ಲವೆಂದು ವಾಪಸ್ ಕಳಿಸಿದೆ. ಆ ಮೆಮೊರಿಯನ್ನು ಮೊದಲು ನಿನ್ನ ತಲೆಗೆ ಹಾಕಿಸಬೇಕು ನೋಡು. ನಾಲ್ಕನೆಯದು ಎಲ್ಲ ಸರಿ, ಕ್ಯಾಬಿನೆಟ್ಟಿಗೆ ಹಿಡಿಸುವುದಿಲ್ಲ. ಐದನೆಯದರ ಹೊಸ ಮಾಡೆಲ್ ಸೆಪ್ಟೆಂಬರಿಗೆ ಬರುತ್ತದಂತೆ, ಕಾಯೋಣ ಎಂದೆ. ನಿನ್ನ ಕೆಲಸಕ್ಕೂ ಅದೇ ಆಗಬೇಕು, ಹಗಲೂ ರಾತ್ರಿ ನಿಲ್ಲದೆ ಓಡುವ ಸರ್ವರೂ ಅದೇ ಆಗಬೇಕು, ಹತ್ತು ವರ್ಷ ಬಾಳಬೇಕು. ನಿನ್ನ ಆಸ್ಪತ್ರೆಯ ಸ್ಕ್ಯಾನ್ ವಿಭಾಗದಲ್ಲಿ ಕಂಪ್ಯೂಟರ್ ಒಂದು ಕ್ಷಣ ನಿಲ್ಲಬಾರದು, ಒಪ್ಪಿದೆ. ಆದರೆ ಹತ್ತು ವರ್ಷ! ನಿಮ್ಮ ಅಪ್ಪನಿಗೆ ಡಾಕ್ಟರ್ ಸೂರ್ಯಪ್ರಕಾಶ ಹತ್ತು ವರ್ಷದ ಮಾತು ಆಡಿಲ್ಲ ಕಣೋ. ಮೂರು ತಿಂಗಳಿಗೊಮ್ಮೆ ಬನ್ನಿ, ನೋಡೋಣ ಎಂದಿದ್ದಾರೆ ಅಷ್ಟೆ.

ಈ ರೋಗ ನಿನಗೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಬ್ಯಾಂಕ್ ಮ್ಯಾನೇಜರ್ ಶೇಷಗಿರಿರಾಯರ, ಅಂದರೆ ನಿಮ್ಮ ಅಪ್ಪನ, ಮನೆಯಲ್ಲಿ ಒಂದು ಮಿಕ್ಸಿ ತರಬೇಕಾದರೂ ಮೂರು ಕೊಟೇಶನ್, ಮೇಲೊಂದು ಹೋಲಿಕೆ ಪಟ್ಟಿ. ಆರನೇ ಕ್ಲಾಸಿನಲ್ಲಿ ಸೈಕಲ್ಲಿಗೆಂದು ನೀನೇ ಸ್ಕೇಲ್ ಇಟ್ಟು ಗೆರೆ ಎಳೆದು ಪಟ್ಟಿ ಮಾಡಿ ಅವರ ಸಹಿಗೆ ಇಟ್ಟಿದ್ದೆ. ಸಹಿ ಬೀಳುವಷ್ಟರಲ್ಲಿ ಆ ಸೈಕಲ್ ಇನ್ನೊಬ್ಬರ ಮನೆ ಸೇರಿತ್ತು. ನಾನೂ ಅದೇ ಬ್ಯಾಂಕಿನ ಗುಮಾಸ್ತೆ, ನಗುತ್ತಾ ನೋಡಿದೆ. ಈಗ ನಿನ್ನ ಹದಿನೇಳು ಬೋರ್ಡುಗಳ ಪಟ್ಟಿಯನ್ನು ಪ್ರಿಂಟ್ ತೆಗೆಸಿಕೊಂಡು, ಕನ್ನಡಕ ಏರಿಸಿ, ಕೆಂಪು ಪೆನ್ನಿನಲ್ಲಿ ಟಿಕ್ ಹಾಕುತ್ತಾ ಕೂರುತ್ತಾರೆ. ನಾನು ರೇಗಿದರೆ ಸ್ಲೇಟಿನಲ್ಲಿ ‘ಹುಡುಗ ಸರಿಯಾಗೇ ಮಾಡ್ತಿದಾನೆ, ಸುಮ್ನಿರು’ ಎಂದು ಬರೆದು ತೋರಿಸುತ್ತಾರೆ. ಮಾಡಿದ್ದುಣ್ಣೋ ಮಹರಾಯ ಎನ್ನೋಣವೆಂದರೆ ಬಾಯಿ ಬರುವುದಿಲ್ಲ. ಅವರು ಉಣ್ಣುತ್ತಿರುವುದನ್ನು ನಾನು ದಿನಾ ನೋಡುತ್ತಿದ್ದೇನೆ.

ನೀನು ನೋಡಿಲ್ಲ, ಹೇಳುತ್ತೇನೆ ಕೇಳು. ಹೋದ ವಾರ ಪೆನ್ಶನ್ ಕಾಗದಕ್ಕೆ ಬ್ಯಾಂಕಿಗೆ ಹೋಗಿದ್ದೆವು. ಇವರು ಸ್ಲೇಟು ತೆಗೆದದ್ದೇ ತಡ, ಕೌಂಟರಿನ ಹುಡುಗಿ ನನ್ನ ಕಡೆ ತಿರುಗಿ ‘ಸಾರ್‌ಗಾರಿಕಿ ವಿನಪಡದಾ ಅಮ್ಮಾ?’ ಎಂದಳು. ಕಿವಿಗೇನೂ ಆಗಿಲ್ಲಮ್ಮಾ, ಗಂಟಲಿನ ಆಪರೇಶನ್ ಎಂದೆ. ಹೂಂ ಹೂಂ ಎಂದು ತಲೆ ಆಡಿಸಿದವಳು ಮರುಕ್ಷಣವೇ ಇಡೀ ಹಾಲಿಗೆ ಕೇಳುವಂತೆ ‘ಸಾರ್, ಇಕ್ಕಡ ಸಂತಕಂ!’ ಎಂದು ಕಿರುಚಿ, ಸಹಿ ಎಲ್ಲಿ ಹಾಕಬೇಕೆಂದು ಕಾಗದದ ಮೇಲೆ ಬೆರಳಿನಿಂದ ಕುಟ್ಟಿದಳು. ನಿಮ್ಮ ಅಪ್ಪನಿಗೆ! ಸಹಿ ಹಾಕಿ ಬಂದರು. ಆ ದಿನವಿಡೀ ಸ್ಲೇಟು ಮುಟ್ಟಲಿಲ್ಲ. ಲಿಫ್ಟಿನಲ್ಲಿ ಎರಡನೇ ಮಹಡಿಯ ಹೆಂಗಸು ಅವರ ಕುತ್ತಿಗೆಯ ತೂತು ನೋಡಿ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಅವಳ ಮುಖಕ್ಕಿಷ್ಟು ಬೆಂಕಿ ಹಾಕ! ಆಸ್ಪತ್ರೆಯವರು ಕೊಟ್ಟ, ಗಂಟಲಿಗೆ ಒತ್ತಿ ಹಿಡಿಯುವ ಯಂತ್ರ ಮಿಕ್ಸಿಯ ಹಾಗೆ ಗುರ್ ಎನ್ನುತ್ತದೆಂದು ಒಂದೇ ದಿನಕ್ಕೆ ಡ್ರಾಯರಿಗೆ ಸೇರಿಸಿದರು. ಟೈಪ್ ಮಾಡಿದ್ದನ್ನು ಓದಿ ಹೇಳಲು ಫೋನಿನಲ್ಲೇ ಇರುವ ಗಂಡಸಿನ ಧ್ವನಿ ವಾರ್ತೆ ಓದುತ್ತದೆ, ಹೆಂಗಸಿನದು ರೈಲು ಬಂತೆಂದು ಕೂಗುತ್ತದೆ. ಆ ಹೆಂಗಸು ‘ಜಲಜಾ, ನೀರು ಕೊಡು’ ಎಂದಾಗ ನನಗೆ ಮೈಯೆಲ್ಲ ಮುಳ್ಳೆದ್ದಿತು. ಇವರು ಫೋನನ್ನು ಹಾಸಿಗೆಗೆ ಎಸೆದರು. ಈಗ ನನ್ನನ್ನು ಕರೆಯಬೇಕಾದರೆ ಚಮಚದಿಂದ ಲೋಟ ಬಡಿಯುತ್ತಾರೆ. ಮೂವತ್ತೈದು ವರ್ಷ ಹೆಸರು ಹಿಡಿದು ಕರೆಸಿಕೊಂಡವಳು, ಟಣ್ ಟಣ್ ಎಂದರೆ ಎದ್ದು ಹೋಗುತ್ತೇನೆ.

ಒಂದು ಮಾತು ನೇರವಾಗಿ ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡ. ನಿನಗೆ ಬೋರ್ಡ್ ಸಿಗುತ್ತಿಲ್ಲವೋ, ಅಥವಾ ಆ ಡಬ್ಬಿಯೊಳಗಿಂದ ಅಪ್ಪನ ಧ್ವನಿ ಬಂದುಬಿಟ್ಟರೆ ಎಂಬ ಭಯವೋ? ಓದಿಸುವಾಗ ಮೂರನೇ ದಿನ ನೀನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ನನಗೆ ಕೇಳಿಸಿತು. ನನಗೂ ಭಯ ಕಣೋ. ಸರಿಯಾಗಿ ಬರದಿದ್ದರೆ ಎಂದು ಒಂದು ಭಯ, ಸರಿಯಾಗಿ ಬಂದರೆ ಅದಕ್ಕಿಂತ ಹೆಚ್ಚು. ಆದರೆ ನಮ್ಮಿಬ್ಬರ ಭಯಕ್ಕೆ ಅವರೇಕೆ ಲೋಟ ಬಡಿಯುತ್ತಾ ಕೂರಬೇಕು?

ಮೇಲಿನ ಮನೆಗೆ ಬಾಡಿಗೆಗೆ ಬಂದಿರುವ ದಾವಣಗೆರೆಯ ಶ್ರಾವಣಿ, ಪರವಾಡದ ಔಷಧ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ನಿನ್ನ ಪಟ್ಟಿ ತೋರಿಸಿದೆ. ‘ಆಂಟಿ, ಅಂಕಲ್ ಮಾತಾಡಾಕೆ ಇಷ್ಟೆಲ್ಲ ಯಾಕ್ ಬೇಕ್ರೀ? ನಿಮ್ ಪ್ರೊಸೆಸರಿಗೆ ಹೊಂದೋ ಸಾದಾ ಬೋರ್ಡ್ ಆದ್ರೆ ಮುಗೀತು’ ಎಂದಳು. ಮುಗೀತಂತೆ! ನಾಲ್ಕು ತಿಂಗಳು ಯಾರನ್ನೂ ಕೇಳದೆ ನಿನ್ನ ಮಾತಿಗೆ ಹೂಂಗುಟ್ಟಿದ ನನ್ನ ಮೇಲೆ ನನಗೇ ಅಸಹ್ಯವಾಯಿತು. ನಾಳೆ ಅವಳಿಗೆ ರಜೆ, ಇಬ್ಬರೂ ಅಂಗಡಿಗೆ ಹೋಗುತ್ತೇವೆ. ನಿನ್ನ ಒಪ್ಪಿಗೆ ಕೇಳಲು ಬರೆಯುತ್ತಿಲ್ಲ, ತಿಳಿಸಲು ಬರೆಯುತ್ತಿದ್ದೇನೆ. ಬಾಲ್ಕನಿಯ ಹೇಸಿಗೆಯನ್ನು ರಾಮಮೋಹನ್ ಕೈಯಲ್ಲೇ ಹಿಂದಕ್ಕೆ ಕಳಿಸುತ್ತೇನೆ, ಪಾಪ, ಆ ಹುಡುಗನ ಕ್ಷಮೆ ನೀನೇ ಕೇಳು.

ಬೈದಳೆಂದು ಊಟ ಬಿಡಬೇಡ. ಬೈಯಲು ನನಗೆ ಇನ್ಯಾರಿದ್ದಾರೆ? ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡು, ಹೊತ್ತಿಗೆ ಸರಿಯಾಗಿ ಮಲಗು. ಒಳ್ಳೆಯದಾಗಲಿ ಮಗನೇ, ನೂರು ಕಾಲ ಬಾಳು.

ನಿನ್ನ ಅಮ್ಮ,
ಜಲಜಾ

ಮತ್ತೆ ಸೇರಿಸಿದ್ದು: ಗುರುವಾರ ಬೆಳಿಗ್ಗೆ. ರಾಮಮೋಹನ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ, ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ. ಬೋರ್ಡ್ ತಂದೆವು. ಹೆಸರು ಕೇಳಬೇಡ, ನಿನ್ನ ಹದಿನೇಳರಲ್ಲಿ ಅದಿಲ್ಲ. ನಿನ್ನೆ ಸಂಜೆ ಶ್ರಾವಣಿ ಕೂರಿಸಿದಳು, ನಾನು ಟಾರ್ಚ್ ಹಿಡಿದೆ. ಓಡುತ್ತಿದೆ. ಧ್ವನಿ ಅಲ್ಲಲ್ಲಿ ಒಡೆಯುತ್ತದೆ, ದೊಡ್ಡ ಮಾತಾದರೆ ಮುಗ್ಗರಿಸುತ್ತದೆ, ಆದರೆ ಅವರದೇ. ಮೊದಲು ಏನಂದರೆಂದು ಬರೆಯುವುದಿಲ್ಲ, ಅದು ನನಗೆ ಅಂದದ್ದು. ನೀನು ಅಲ್ಲಿಂದ ಅದರೊಳಗೆ ಕೈಹಾಕಿ ಏನನ್ನೂ ಸರಿಮಾಡಲು ಹೋಗಬೇಡ. ಭಾನುವಾರ ಬೆಳಿಗ್ಗೆ ಏಳಕ್ಕೆ ಎದ್ದಿರು. ನನ್ನ ನಂಬರಿನಿಂದ ಫೋನ್ ಬರುತ್ತದೆ. ಮಾತಾಡುವುದು ನಾನಲ್ಲ.