ದೇಶ ಬಿಟ್ಟ ಕುದುರೆ

ಸ್ಕಾಗಾಫ್ಯೋರ್ದುರ್, ಐಸ್‌ಲ್ಯಾಂಡ್
ಸೆಪ್ಟೆಂಬರ್ 14

ಪ್ರೀತಿಯ ತಂಗಿ ಹೂಗ್ರೂನ್,

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬೆಟ್ಟದಿಂದ ಕುರಿಗಳನ್ನೆಲ್ಲ ಇಳಿಸಿದ್ದಾಯಿತು. ದಾರಿಯಲ್ಲಿ ಸಿಕ್ಕವರೆಲ್ಲ ಕೇಳಿದ್ದು ನಿನ್ನನ್ನೇ. ಕೆಳಗಿನ ಮನೆಯ ಥೋರ್ಗ್ನೀರ್ ಅಂತೂ, "ಏನಮ್ಮ ಚಾಂಪಿಯನ್ ಅಕ್ಕ, ತಂಗಿ ಗೆದ್ದ ಚಿನ್ನದಲ್ಲಿ ನಿಂಗೂ ಒಂದು ಚೂರು ಕೊಟ್ಲಾ?" ಎಂದ. ಹಲ್ಲು ಕಚ್ಚಿಕೊಂಡು ನಕ್ಕೆ.

ಅಪ್ಪ ಯಾಕೆ ಮಾತಾಡುತ್ತಿಲ್ಲವೆಂದು ನೀನು ಜರ್ಮನಿಯಿಂದ ಮೂರು ಸಲ ಕೇಳಿದೆ. "ಅವರಿಗೆ ಕಿವಿ ಮಂದ ಕಣೆ, ಫೋನ್ ಅಂದ್ರೆ ಬೇಜಾರು" ಎಂದೆ. ಅದು ನಿಜವಲ್ಲ.

ದ್ರೀವಾ ಕುದುರೆಮರಿಯಾಗಿ ನೆಲಕ್ಕೆ ಬಿದ್ದಾಗ ಒಣಹುಲ್ಲಿನಿಂದ ಅವಳ ಮೈ ಒರೆಸಿದ್ದು ನಾನು. ಒಂದೇ ಪಕ್ಕದ ಎರಡು ಕಾಲನ್ನೂ ಒಟ್ಟಿಗೆ ಚಾಚಿ ಹಾರುವ ನಮ್ಮ ನಾಡಿನ ಕುದುರೆಗಳ ಹಳೆಯ ಓಟ ಅವಳಲ್ಲಿದೆಯೆಂದು ಮೊದಲು ಕಂಡವಳೂ ನಾನೇ. ನಾಲ್ಕು ಚಳಿಗಾಲ ಪಳಗಿಸಿದೆ. ನನ್ನ ಕೈಯಲ್ಲಿ ಅರ್ಧ ದಾರಿಗೇ ಹೆಜ್ಜೆ ಮುರಿದು ನಾಗಾಲೋಟಕ್ಕೆ ಬೀಳುತ್ತಿದ್ದಳು. ಒಂದು ಮಧ್ಯಾಹ್ನ ನೀನು ತಮಾಷೆಗೆ ಹತ್ತಿದೆ. ಬೇಲಿಯ ಆ ತುದಿಯವರೆಗೆ ಒಂದು ಹೆಜ್ಜೆ ತಪ್ಪಲಿಲ್ಲ. ಅಪ್ಪ ಟೋಪಿ ತೆಗೆದು, "ಸ್ಟೇನ್ವೋರ್, ಇಳಿಸ್ಬೇಡ ಅವಳನ್ನ. ಕುದುರೆನೇ ಆರಿಸ್ಕೊಂಡಾಯ್ತು" ಎಂದರು. ಅಂದಿನಿಂದ ಜೀನು ನಿನ್ನದು, ಲದ್ದಿ ನನ್ನದು.

ಮೇ ತಿಂಗಳಲ್ಲಿ, ಜರ್ಮನಿಯ ಕುದುರೆ ಓಟಕ್ಕೆ ತಂಡ ಆರಿಸುವ ಪಂದ್ಯದ ತಯಾರಿಗೆಂದು ನೀನು ಪಟ್ಟಣದಲ್ಲಿದ್ದಾಗ, ಅಪ್ಪ ನನ್ನನ್ನು ಕರೆದರು. "ದೇಶ ಬಿಟ್ಟ ಕುದುರೆನ ಮತ್ತೆ ಒಳಗೆ ಬಿಡಲ್ಲ, ಕಾನೂನು. ನಿಮ್ಮಮ್ಮ ಸಾಕಿದ ಕುದುರೆಗಳ ಸಂತಾನದಲ್ಲಿ ಉಳಿದಿರೋದು ದ್ರೀವಾ ಒಬ್ಬಳೇ. ಅವಳನ್ನ ಕರ್ಕೊಂಡು ಹೋಗೋದು ಬೇಡ ಅಂತ ಹೂಗ್ರೂನ್‌ಗೆ ಹೇಳು. ನನ್ನ ಕುದುರೆ ಯಾರ್ಪುರ್‌ನ ಕೊಡ್ತೀನಿ, ಅವನು ಹೋದ್ರೆ ತಡ್ಕೋತೀನಿ" ಎಂದರು.

ನಾನು ನಿನಗೆ ಫೋನ್ ಮಾಡಿ ಹೇಳಿದ್ದು ನೆನಪಿದೆಯಲ್ಲ? "ಅಪ್ಪ ಒಪ್ಪಿದ್ದಾರೆ, ದ್ರೀವಾನೇ ಕರ್ಕೊಂಡು ಹೋಗು." ಅಪ್ಪನಿಗೆ, "ಹೇಳ್ದೆ, ಅವಳು ಕೇಳ್ಲಿಲ್ಲ" ಎಂದೆ. ಅಂದೇ ಅವರು ನಿನ್ನ ಜೊತೆ ಮಾತು ಬಿಟ್ಟರು.

ನೀವಿಬ್ಬರೂ ನನ್ನ ಕಣ್ಣಿಂದ ದೂರವಾದರೆ ಸಾಕಿತ್ತು. ಸೋತರೆ ಇನ್ನೂ ಚೆನ್ನ ಅಂದುಕೊಂಡಿದ್ದೆ. ನೀನು ಗೆದ್ದೆ. ಅವಳನ್ನು ಅಲ್ಲೇ ಮಾರಬೇಕಾಯಿತು. ಬಿಟ್ಟು ಬರಲಾರದೆ, ನೀನು ಕೊಂಡವರ ಲಾಯದಲ್ಲೇ ಕೆಲಸಕ್ಕೆ ನಿಂತೆ. ಟಿವಿಯಲ್ಲಿ ನಿನ್ನ ಓಟ ಬಂದಾಗ ಅಪ್ಪ ಎದ್ದು ಹೊರಗೆ ಹೋದರು. ನಾನು ನೋಡಿದೆ. ತಪ್ಪು ಹುಡುಕಲೆಂದೇ ಏಳು ಸಲ ನೋಡಿದೆ. ಸಿಗಲಿಲ್ಲ ಹೂಗ್ರೂನ್.

ಇವತ್ತು ಬೆಳಗ್ಗೆ ಅಪ್ಪನಿಗೆ ಎಲ್ಲ ಹೇಳಿಬಿಟ್ಟೆ. ಅವರು ಬೈಯಲಿಲ್ಲ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಅಪ್ಪನನ್ನು ನೋಡಲಾದರೂ ಒಮ್ಮೆ ಬಂದು ಹೋಗು.

ನಿನ್ನ ಅಕ್ಕ,
ಸ್ಟೇನ್ವೋರ್

ತಾ.ಕ.: ಅಪ್ಪನಿಗೆ ಹೇಳಿದೆನೆಂದು ಬರೆದದ್ದು ಸುಳ್ಳು. ಅವರ ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ಈಗ ಇದನ್ನು ಲಕೋಟೆಗೆ ಹಾಕದೆ ಅವರ ಕಾಫಿಯ ಪಕ್ಕದಲ್ಲಿಟ್ಟು ಲಾಯಕ್ಕೆ ಹೋಗುತ್ತೇನೆ. ಓದಿ, ಅಂಚೆಗೆ ಹಾಕುವವರು ಅವರೇ. ಇದು ನಿನ್ನ ಕೈ ಸೇರಿದ್ದರೆ, ಅಪ್ಪನಿಗೆ ಎಲ್ಲ ಗೊತ್ತಾಗಿದೆ.